ವಿಕಲಚೇತನರ ಯಂತ್ರಚಾಲಿತ ಗಾಡಿಗಳು ಮತ್ತು ಚಾಲನಾ ಸಾಮರ್ಥ್ಯದ ಪರೀಕ್ಷೆ: ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳನ್ನು ಕುರಿತ ಒಂದು ವಿವೇಚನೆ

೧. ವಿಷಯಪ್ರವೇಶ

ಕಾಲುಗಳ ಬಲ ಕುಂದಿದವರಿಗೆ ಯಂತ್ರಚಾಲಿತ ಗಾಡಿಯೊಂದು ದೊರೆಯಿತೆಂದರೆ ಅವರ ಲೋಕದ ವಿಸ್ತಾರವೇ ಬೇರೆಯಾಗುತ್ತದೆ. ಮನೆಯ ಕಟ್ಟೆಯವರೆಗೆ ಮಾತ್ರ ಇದ್ದ ಅವರ ಸೀಮೆ ಸಂತೆಯವರೆಗೆ, ಕಾಲೇಜಿನವರೆಗೆ, ತಾಲೂಕು ಕಚೇರಿಯವರೆಗೆ ಬೆಳೆಯುತ್ತದೆ. ಆದರೆ ಆ ಗಾಡಿಯು ಸಾರ್ವಜನಿಕ ರಸ್ತೆಗೆ ಇಳಿದೊಡನೆ ಎರಡು ಹಿತಗಳನ್ನು ಒಟ್ಟಿಗೆ ತೂಗಿ ನೋಡಬೇಕಾದ ಪ್ರಸಂಗವು ಒದಗುತ್ತದೆ. ಒಂದು, ಚಾಲಕರ ಸಂಚಾರ ಸ್ವಾತಂತ್ರ್ಯ. ಇನ್ನೊಂದು, ಅವರ ಹಾಗೂ ದಾರಿಹೋಕರ ಪ್ರಾಣರಕ್ಷಣೆ. ಅನುಮತಿ ಕೊಡಬಾರದವರಿಗೆ ಕೊಟ್ಟರೆ ಅಪಘಾತವಾಗುತ್ತದೆ; ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಡಬೇಕಾದವರಿಗೆ ನಿರಾಕರಿಸಿದರೆ ಒಬ್ಬ ಮನುಷ್ಯ ಮನೆಯಲ್ಲಿಯೇ ಉಳಿದುಬಿಡುತ್ತಾನೆ. ಆ ಹಾನಿಯನ್ನು ಯಾವ ದಾಖಲೆಯೂ ಬರೆದಿಡುವುದಿಲ್ಲ.

೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ೨ ಕೋಟಿ ೬೮ ಲಕ್ಷ. ಅವರಲ್ಲಿ ಚಲನೆಗೆ ಸಂಬಂಧಿಸಿದ ವೈಕಲ್ಯವುಳ್ಳವರು ಸುಮಾರು ೫೪ ಲಕ್ಷ. ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರ ಒಟ್ಟು ಸಂಖ್ಯೆ ೧೩ ಲಕ್ಷ ೨೪ ಸಾವಿರ. ಆದುದರಿಂದ ಈ ಪ್ರಶ್ನೆಯು ಕೆಲವೇ ಮಂದಿಗೆ ಸಂಬಂಧಿಸಿದುದೆಂದು ಭಾವಿಸುವಂತಿಲ್ಲ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು, ಇಂಥ ಗಾಡಿಯನ್ನು ನಡೆಸುವವರ ಸಾಮರ್ಥ್ಯವನ್ನು ಅಳೆಯುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ. ಚಾಲಕ, ವಾಹನ, ದಾರಿ ಈ ಮೂರರ ಪರಸ್ಪರ ಸಂಬಂಧದಲ್ಲಿ ಮಾತ್ರ ಸುರಕ್ಷತೆಯು ನಿರ್ಣಯವಾಗುವುದೆಂದೂ, ಇವುಗಳಲ್ಲಿ ಒಂದನ್ನೇ ಪ್ರತ್ಯೇಕವಾಗಿ ನೋಡಿದ ಪರೀಕ್ಷೆಯು ಅಪೂರ್ಣವೆಂದೂ ನಾವು ಇಲ್ಲಿ ಪ್ರತಿಪಾದಿಸಬಯಸುತ್ತೇವೆ.

೨. ಗಾಡಿಯ ಪೂರ್ವೇತಿಹಾಸ

ನಡೆಯಲಾರದವರು ತಾವೇ ನಡೆಸುವ ಗಾಡಿಯ ಕಲ್ಪನೆಯು ಹೊಸದೇನೂ ಅಲ್ಲ. ಜರ್ಮನಿಯ ನ್ಯೂರೆಂಬರ್ಗ್ ಸಮೀಪದಲ್ಲಿದ್ದ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕುಶಲಕರ್ಮಿಯು ೧೬೫೫ರ ಸುಮಾರಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯೊಂದನ್ನು ತನಗಾಗಿಯೇ ನಿರ್ಮಿಸಿಕೊಂಡನು. ಅವನ ಕಾಲುಗಳಲ್ಲಿ ಶಕ್ತಿ ಇರಲಿಲ್ಲ, ಕೈಗಳಲ್ಲಿ ಇತ್ತು. ವಾಹನವನ್ನು ಉಳಿದಿರುವ ಶಕ್ತಿಗೆ ಹೊಂದಿಸಬೇಕೆಂಬ ತತ್ತ್ವವು ಅಲ್ಲಿಯೇ ಸ್ಪಷ್ಟವಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ, ೧೯೪೮ರಿಂದ, ಇಂಗ್ಲೆಂಡಿನಲ್ಲಿ ‘ಇನ್ವಾಕಾರ್’ ಎಂಬ ಮೂರು ಗಾಲಿಯ ಸಣ್ಣ ಮೋಟಾರುಗಾಡಿಯು ಪ್ರಚಾರಕ್ಕೆ ಬಂದಿತು. ಸರಕಾರವೇ ಅದನ್ನು ಅಂಗವಿಕಲರಿಗೆ ಒದಗಿಸುತ್ತಿದ್ದಿತು. ಆದರೆ ೧೯೭೦ರ ದಶಕದ ಹೊತ್ತಿಗೆ ಆ ಗಾಡಿಯ ಸ್ಥಿರತೆಯ ವಿಷಯವಾಗಿ ಗಂಭೀರವಾದ ಆಕ್ಷೇಪಣೆಗಳು ಎದ್ದವು. ಅದರ ತಯಾರಿಕೆ ನಿಂತಿತು. ಕೊನೆಗೆ ೨೦೦೩ರ ಮಾರ್ಚ್ ೩೧ರಂದು ಅದನ್ನು ಅಲ್ಲಿಯ ರಸ್ತೆಗಳಿಂದ ಹಿಂತೆಗೆಯಲಾಯಿತು. ಒಂದೇ ಮಾದರಿಯ ಗಾಡಿಯನ್ನು ಎಲ್ಲರಿಗೂ ಹಂಚುವುದು ಸುಲಭ. ಪಡೆದವರಿಗೂ ಅವರ ದಾರಿಗೂ ಅದು ಒಪ್ಪುತ್ತದೆಯೇ ಎಂದು ನೋಡುವುದು ಕಷ್ಟ ಎಂಬ ಪಾಠವನ್ನು ಈ ಇತಿಹಾಸದಿಂದ ಕಲಿಯಬಹುದಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಇಂದು ಕಾಣುವ, ಹ್ಯಾಂಡಲು ಹಿಡಿದು ಕುರ್ಚಿಯಲ್ಲಿ ಕುಳಿತು ನಡೆಸುವ ಬ್ಯಾಟರಿಯ ಸ್ಕೂಟರಿನ ಆರಂಭವು ಅಮೆರಿಕೆಯಲ್ಲಿ ೧೯೬೮ರಲ್ಲಿ ಆಯಿತು.

ನಮ್ಮಲ್ಲಿ ಬೆಳವಣಿಗೆಯು ಬೇರೆ ರೀತಿಯದು. ಸಾಮಾನ್ಯ ಸ್ಕೂಟರಿನ ಹಿಂಗಾಲಿಯ ಎರಡೂ ಪಕ್ಕಗಳಲ್ಲಿ ಒಂದೊಂದು ಸಣ್ಣ ಗಾಲಿಯನ್ನು ಜೋಡಿಸಿ ಮಾಡಿಕೊಂಡ ಗಾಡಿಯೇ ಇಲ್ಲಿ ರೂಢಿಗೆ ಬಂದಿತು. ಹಳೆಯ ಸ್ಕೂಟರುಗಳಲ್ಲಿ ಹಿಂದಿನ ಬ್ರೇಕನ್ನು ಕಾಲಿನಿಂದ ಒತ್ತಬೇಕಾಗಿತ್ತು. ಎಂಜಿನನ್ನು ಒದ್ದು ಚಾಲೂ ಮಾಡಬೇಕಾಗಿತ್ತು. ೧೯೮೦ರ ದಶಕದಲ್ಲಿ ಕೈನೆಟಿಕ್ ಹೋಂಡಾದಂಥ ಗೇರಿಲ್ಲದ, ಗುಂಡಿ ಒತ್ತಿ ಚಾಲೂ ಮಾಡುವ ಸ್ಕೂಟರುಗಳು ಬಂದ ಮೇಲೆ ಎರಡು ಬ್ರೇಕುಗಳೂ ಕೈಗೆ ಬಂದವು. ಕಾಲುಗಳ ನೆರವಿಲ್ಲದೆ ಸ್ಕೂಟರನ್ನು ನಡೆಸುವುದು ಇದರಿಂದ ಸುಗಮವಾಯಿತು. ಇಂದು ಸರಕಾರದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ವಿತರಿಸುವ ಯಂತ್ರಚಾಲಿತ ವಾಹನಗಳೂ ಹೆಚ್ಚಾಗಿ ಈ ಬಗೆಯವೇ. ಇದರ ಜೊತೆಗೆ, ೧೯೭೨ರಲ್ಲಿ ಕಾನಪುರದಲ್ಲಿ ಸ್ಥಾಪಿತವಾದ ಅಲಿಮ್ಕೋ ಸಂಸ್ಥೆಯು ತಯಾರಿಸುವ ಬ್ಯಾಟರಿಯ ಮೂರು ಗಾಲಿ ಸೈಕಲ್ಲುಗಳೂ ಹಳ್ಳಿಗಳನ್ನು ತಲುಪಿವೆ.

೩. ಕಾನೂನಿನ ನುಡಿ

ರೋಣ ಮತ್ತು ನರಗುಂದಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿಯೇ, ೧೯೩೯ರ ಮೋಟಾರು ವಾಹನ ಕಾನೂನು ಜಾರಿಗೆ ಬಂದಿತು. ಅಶಕ್ತರ ಗಾಡಿ ಎಂಬ ಒಂದು ವರ್ಗವನ್ನು ಆ ಕಾನೂನು ಗುರುತಿಸಿತ್ತು. ಆದರೆ ಅಂಥ ಗಾಡಿಯು ಅಂಗವೈಕಲ್ಯವುಳ್ಳವರಿಗಾಗಿಯೇ ವಿಶೇಷವಾಗಿ ರಚಿತವಾದುದಾಗಿರಬೇಕು. ಬೇರೊಂದು ವಾಹನವನ್ನು ಮಾರ್ಪಡಿಸಿದುದಾಗಿರಬಾರದು ಎಂಬ ನಿಬಂಧನೆ ಅದರಲ್ಲಿ ಇದ್ದಿತು. ೧೯೮೮ರ ಕಾನೂನು ೧೯೩೯ರ ಕಾನೂನನ್ನು ರದ್ದುಗೊಳಿಸಿದರೂ ಈ ನಿಬಂಧನೆಯನ್ನು ಹಾಗೆಯೇ ಉಳಿಸಿಕೊಂಡಿತು. ಪರಿಣಾಮವಾಗಿ, ನಮ್ಮ ಊರುಗಳಲ್ಲಿ ಎಲ್ಲರೂ ಕಾಣುತ್ತಿದ್ದ ಪಕ್ಕಗಾಲಿಯ ಸ್ಕೂಟರು ಕಾನೂನಿನ ವ್ಯಾಖ್ಯೆಯ ಹೊರಗೆ ನಿಂತಿತು. ೨೦೧೯ರ ತಿದ್ದುಪಡಿಯು ಹಳೆಯ ವ್ಯಾಖ್ಯೆಯನ್ನು ತೆಗೆದುಹಾಕಿ, ವಿಶೇಷವಾಗಿ ರಚಿಸಿದ ವಾಹನವನ್ನೂ ನಿಯಮಾನುಸಾರ ಮಾರ್ಪಡಿಸಿದ ವಾಹನವನ್ನೂ ಒಂದೇ ವರ್ಗದಲ್ಲಿ ಸೇರಿಸಿತು. ರೂಢಿಯಲ್ಲಿದ್ದುದನ್ನು ಕಾನೂನು ಒಪ್ಪಿಕೊಳ್ಳಲು ಎಂಬತ್ತು ವರ್ಷಗಳು ಹಿಡಿದವು.

ಪರವಾನಗಿ ಬಯಸುವವರು ಎರಡು ಹಂತಗಳನ್ನು ದಾಟಬೇಕು. ಮೊದಲನೆಯದು ದೇಹಸ್ಥಿತಿಯ ಘೋಷಣೆ. ಮೂರ್ಛೆ ಅಥವಾ ತಲೆಸುತ್ತು ಬರುವುದೇ, ೨೫ ಮೀಟರು ದೂರದಿಂದ ಮೋಟಾರಿನ ನಂಬರು ಕಾಣುವುದೇ, ಕೈಕಾಲುಗಳ ಚಲನೆಯಲ್ಲಿ ನ್ಯೂನತೆ ಇರುವುದೇ, ಇರುಳುಗುರುಡು ಇರುವುದೇ ಮೊದಲಾದ ಪ್ರಶ್ನೆಗಳು ಅದರಲ್ಲಿ ಬರುತ್ತವೆ. ಎರಡನೆಯದು ಚಾಲನಾ ಪರೀಕ್ಷೆ. ಅದನ್ನು ಅರ್ಜಿಯಲ್ಲಿ ಹೇಳಿದ ಬಗೆಯ ವಾಹನದ ಮೇಲೆಯೇ ನಡೆಸತಕ್ಕದ್ದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೫ನೆಯ ನಿಯಮವನ್ನು ಓದಿದರೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು, ತಿರುವನ್ನು ಸರಿಯಾಗಿ ದಾಟುವುದು, ತುರ್ತಿನಲ್ಲಿ ನಿಲ್ಲಿಸುವುದು ಮಾತ್ರವಲ್ಲದೆ, ದಾರಿಹೋಕರು ಮುಂದೇನು ಮಾಡಬಹುದೆಂಬುದನ್ನು ಊಹಿಸುವುದು, ಚಾಲನೆಯಲ್ಲಿ ಚಿತ್ತವನ್ನು ನಿಲ್ಲಿಸುವುದು, ಇತರರೊಡನೆ ಸೌಜನ್ಯದಿಂದ ವರ್ತಿಸುವುದು ಇವೂ ಪರೀಕ್ಷೆಯ ಅಂಗಗಳಾಗಿರುವುದು ವ್ಯಕ್ತವಾಗುತ್ತದೆ.

ಈ ಎರಡು ಹಂತಗಳಲ್ಲಿರುವ ಭೇದವು ಗಮನಾರ್ಹವಾದುದು. ಘೋಷಣೆಯು ದೇಹ ಹೇಗಿದೆ ಎಂದು ಕೇಳುತ್ತದೆ. ಪರೀಕ್ಷೆಯು ಕೆಲಸ ಹೇಗೆ ಆಗುತ್ತದೆ ಎಂದು ನೋಡುತ್ತದೆ. ವೈಕಲ್ಯವು ಅಪಾಯಕಾರಿ ಎಂದು ತೋರಿದರೆ ಸಾಮಾನ್ಯ ಪರವಾನಗಿಯನ್ನು ನಿರಾಕರಿಸಲು ಅಧಿಕಾರಿಗೆ ಅವಕಾಶವಿದ್ದರೂ, ವಿಶೇಷ ವಾಹನಕ್ಕೆ ಸೀಮಿತವಾದ ಪರವಾನಗಿಯ ದಾರಿಯನ್ನು ಕಾನೂನು ತೆರೆದೇ ಇಟ್ಟಿದೆ. ೨೦೧೧ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಕಿವುಡರು ಚಾಲನಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಇತರ ಅರ್ಹತೆಗಳನ್ನೂ ಪಡೆದಿದ್ದರೆ ಕಿವುಡುತನದ ಕಾರಣವೊಂದರಿಂದಲೇ ಅವರಿಗೆ ಪರವಾನಗಿಯನ್ನು ತಪ್ಪಿಸಲಾಗದೆಂಬ ಅಭಿಪ್ರಾಯವನ್ನು ತಳೆಯಿತು. ವೈಕಲ್ಯದ ಹೆಸರಿಗಿಂತ ಕಾರ್ಯಸಾಮರ್ಥ್ಯಕ್ಕೆ ಹೆಚ್ಚಿನ ಬೆಲೆ ಕೊಟ್ಟ ನಿರ್ಣಯವಿದು.

ಆದರೆ ಕಾನೂನಿನ ಕೈಗೆ ಸಿಕ್ಕದ ಗಾಡಿಗಳೂ ಉಂಟು. ಮೋಟಾರಿನ ಶಕ್ತಿ ೦.೨೫ ಕಿಲೋವ್ಯಾಟಿಗಿಂತಲೂ, ವೇಗವು ಗಂಟೆಗೆ ೨೫ ಕಿಲೋಮೀಟರಿಗಿಂತಲೂ ಕಡಮೆ ಇರುವ ಬ್ಯಾಟರಿಯ ಗಾಡಿಯನ್ನು ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದ್ದರಿಂದ ಅದಕ್ಕೆ ಪರವಾನಗಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಇಂಗ್ಲೆಂಡಿನಲ್ಲಿಯೂ ಇಂಥ ಗಾಡಿಗಳಿಗೆ ಪರವಾನಗಿ ಬೇಕಿಲ್ಲ, ಆದರೆ ಅಲ್ಲಿ ಕಾಲುದಾರಿಯ ಮೇಲೆ ಗಂಟೆಗೆ ೪ ಮೈಲಿ, ರಸ್ತೆಯ ಮೇಲೆ ೮ ಮೈಲಿ ಎಂದು ವೇಗದ ಮಿತಿ ಇದೆ, ೧೨.೩ ಮೀಟರು ದೂರದಿಂದ ಮೋಟಾರಿನ ನಂಬರನ್ನು ಓದಲು ಬರಬೇಕೆಂಬ ಸಲಹೆಯೂ ಇದೆ. ನಮ್ಮಲ್ಲಿ ಈ ಗಾಡಿಯನ್ನು ಪಡೆದವರು ಅದನ್ನು ಕ್ಷೇಮವಾಗಿ ನಡೆಸಬಲ್ಲರೇ ಎಂದು ಕಾನೂನಿನ ಪ್ರಕಾರ ಕೇಳಬೇಕಾದವರು ಯಾರೂ ಇಲ್ಲ.

೪. ವಾಹನದ ಸ್ವಭಾವ

ಎರಡು ಗಾಲಿಯ ಸ್ಕೂಟರು ತಿರುವಿನಲ್ಲಿ ಒಳಮಗ್ಗುಲಿಗೆ ವಾಲುತ್ತದೆ. ಆ ವಾಲುವಿಕೆಯೇ ಅದನ್ನು ಕಾಯುತ್ತದೆ. ಪಕ್ಕಗಾಲಿ ಜೋಡಿಸಿದ ಸ್ಕೂಟರು ಹಾಗೆ ವಾಲಲಾರದು. ಆದಕಾರಣ ನಿಂತಾಗ ಸ್ಥಿರವಾಗಿರುವ ಗಾಡಿಯೇ ವೇಗದ ತಿರುವಿನಲ್ಲಿ ಹೊರಮಗ್ಗುಲಿಗೆ ಮಗುಚುವ ಸಂಭವವಿದೆ. ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಪಕ್ಕಗಾಲಿಗಳ ನಡುವಣ ಅಂತರವು ೮೦ ಸೆಂಟಿಮೀಟರು, ಚಾಲಕರು ಕುಳಿತಾಗ ಗುರುತ್ವಕೇಂದ್ರದ ಎತ್ತರವು ೮೦ ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ೧೦ ಮೀಟರು ತ್ರಿಜ್ಯದ ತಿರುವಿನಲ್ಲಿ ಗಾಡಿಯು ಮಗುಚುವ ವೇಗ ಗಂಟೆಗೆ ಸುಮಾರು ೨೫ ಕಿಲೋಮೀಟರು. ೫ ಮೀಟರು ತ್ರಿಜ್ಯದ ಇಕ್ಕಟ್ಟಾದ ತಿರುವಿನಲ್ಲಿ ಸುಮಾರು ೧೮ ಕಿಲೋಮೀಟರು. ರಸ್ತೆಯು ಹೊರಕ್ಕೆ ಇಳಿಜಾರಾಗಿದ್ದರೆ ಅಥವಾ ಹಿಂದೆ ಇನ್ನೊಬ್ಬರು ಕುಳಿತಿದ್ದರೆ ಇದಕ್ಕಿಂತ ಕಡಮೆ ವೇಗದಲ್ಲಿಯೇ ಅಪಾಯ ಒದಗೀತು.

ಇನ್ನೊಂದು ದೋಷವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಪಕ್ಕಗಾಲಿಗಳನ್ನು ಸ್ಪ್ರಿಂಗಿಲ್ಲದೆ ಬಿಗಿಯಾಗಿ ಜೋಡಿಸಿದ್ದರೆ, ರಸ್ತೆಯ ನಡುವೆ ತಗ್ಗು ಬಂದಾಗ ಎರಡು ಪಕ್ಕಗಾಲಿಗಳು ಭಾರವನ್ನು ಹೊತ್ತು, ನಡುವಿನ ಗಾಲಿ ನೆಲದಿಂದ ಮೇಲೇಳುತ್ತದೆ. ಎಂಜಿನ್ನಿನ ಬಲವೂ ಹಿಂದಿನ ಬ್ರೇಕೂ ಆ ಗಾಲಿಗೇ ಸೇರಿದವು. ಹೀಗಾಗಿ ಅತ್ಯಂತ ಬೇಕಾದ ಕ್ಷಣದಲ್ಲಿ ಹಿಂದಿನ ಬ್ರೇಕು ವ್ಯರ್ಥವಾಗುತ್ತದೆ. ಚಾಲಕರನ್ನು ಪರೀಕ್ಷಿಸುವ ಮೊದಲು ಗಾಡಿಯನ್ನು ಪರೀಕ್ಷಿಸಬೇಕೆಂದು ಹೇಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

೫. ಚಾಲಕರ ಶಕ್ತಿ

ಕಳೆದ ತಲೆಮಾರಿನಲ್ಲಿ ಇಂಥ ಗಾಡಿಯನ್ನು ಬಳಸುತ್ತಿದ್ದವರಲ್ಲಿ ಹಲವರು ಬಾಲ್ಯದಲ್ಲಿ ಪೋಲಿಯೋ ಬೇನೆಗೆ ತುತ್ತಾದವರು. ಅವರ ಕಾಲುಗಳು ಸೋತಿದ್ದರೂ ಕಣ್ಣು, ಕೈ, ಬುದ್ಧಿಗಳು ಚುರುಕಾಗಿದ್ದವು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣವು ೨೦೧೧ರ ಜನವರಿಯಲ್ಲಿ ಕಂಡುಬಂದಿತು. ೨೦೧೪ರ ಮಾರ್ಚ್ ೨೭ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ಪ್ರದೇಶವನ್ನು ಪೋಲಿಯೋಮುಕ್ತವೆಂದು ಸಾರಿತು. ಮುಂದೆ ಈ ಗಾಡಿಗಳನ್ನು ಏರುವವರಲ್ಲಿ ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟಾದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ವೃದ್ಧರು ಇವರ ಪಾಲು ಹೆಚ್ಚುವುದು ಸಹಜ. ಇವರ ತೊಂದರೆಯು ಕಾಲಿಗೆ ಮಾತ್ರ ಸೀಮಿತವಾಗಿರಬೇಕೆಂದಿಲ್ಲ.

ಉದಾಹರಣೆಗೆ, ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಮ್ಮ ಎಡಗಡೆಯ ಲೋಕವನ್ನು ಗಮನಿಸುವುದನ್ನೇ ಬಿಡುತ್ತಾರೆ. ಅವರ ಕಣ್ಣು ಕಾಣುತ್ತದೆ. ಆದರೆ ಮನಸ್ಸು ಆ ಕಡೆಗೆ ಹೋಗುವುದಿಲ್ಲ. ತಮಗೆ ಇಂಥ ಕೊರತೆ ಇದೆಯೆಂಬುದೂ ಅವರಿಗೆ ಅನೇಕ ವೇಳೆ ತಿಳಿಯದು. ನಮ್ಮ ದೇಶದಲ್ಲಿ ರಸ್ತೆಯ ಎಡಗಡೆಯಲ್ಲಿ ಚಲಿಸುವುದು ನಿಯಮ. ನಡೆಯುವವರು, ದನಕರುಗಳು, ನಿಂತ ಬಂಡಿಗಳು, ಅಂಗಡಿಯ ಮುಂದಿನ ಮಕ್ಕಳು ಎಲ್ಲರೂ ಚಾಲಕರ ಎಡಕ್ಕೇ ಇರುತ್ತಾರೆ. ನಂಬರು ಓದಿಸುವ ಪರೀಕ್ಷೆಯಲ್ಲಿ ಇಂಥವರು ಸುಲಭವಾಗಿ ತೇರ್ಗಡೆಯಾಗಬಹುದು. ಪೇಟೆಯ ಬೀದಿಯಲ್ಲಿ ಆಗಲಾರರು. ಇದಕ್ಕೆ ವಿರುದ್ಧವಾಗಿ, ಎರಡೂ ಕಾಲುಗಳು ಪೂರ್ಣವಾಗಿ ನಿಷ್ಕ್ರಿಯವಾಗಿ ನೋಡುವವರಿಗೆ ಬಹಳ ಅಶಕ್ತರೆಂದು ತೋರುವವರು ನಿರ್ದುಷ್ಟ ಚಾಲಕರಾಗಿರಬಹುದು. ಕಣ್ಣಿಗೆ ಕಾಣುವ ವೈಕಲ್ಯದಿಂದ ಅಪಾಯದ ಪ್ರಮಾಣವನ್ನು ಊಹಿಸುವುದು ಎಷ್ಟು ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಕಾಲವೂ ಇಲ್ಲಿ ಒಂದು ಅಂಶವಾಗಿದೆ. ಪೋಲಿಯೋ ಆಗಿ ಹಲವು ದಶಕಗಳಾದ ಮೇಲೆ ಕೆಲವರ ಸ್ನಾಯುಗಳು ಹೊಸದಾಗಿ ದುರ್ಬಲವಾಗುವುದುಂಟು. ಬ್ರೇಕು ಹಿಡಿಯುವ ಕೈಯೂ ಸೋಲಬಹುದು. ಮೂವತ್ತರಿಂದ ಐವತ್ತರ ವಯಸ್ಸಿನೊಳಗೆ ಪಡೆದ ಪರವಾನಗಿಯು ಈಗಿನ ಕಾನೂನಿನಂತೆ ಹತ್ತು ವರ್ಷ ನಡೆಯುತ್ತದೆ. ಕುಂದುತ್ತಿರುವ ಸ್ನಾಯುವಿಗೆ ಹತ್ತು ವರ್ಷವು ಬಹು ದೀರ್ಘವಾದ ಅವಧಿ.

೬. ಮೂರು ತಾಲೂಕುಗಳ ದಾರಿ

ಈ ಮೂರು ತಾಲೂಕುಗಳು ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಗೆ ಸೇರಿವೆ; ಗಜೇಂದ್ರಗಡವು ಈಚಿನ ವರ್ಷಗಳಲ್ಲಿ ರೋಣದಿಂದ ಬೇರೆಯಾದ ತಾಲೂಕು. ಒಂದೇ ಜಿಲ್ಲೆಯೊಳಗಿದ್ದರೂ ಇವುಗಳ ದಾರಿಗಳು ಚಾಲಕರಿಗೆ ಒಡ್ಡುವ ಪ್ರಶ್ನೆಗಳು ಬೇರೆ ಬೇರೆ.

ರೋಣದ ಬಯಲು ಎರೆಭೂಮಿ. ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಡಾಂಬರಿನ ಅಂಚಿನಿಂದ ಒಂದು ಪಕ್ಕಗಾಲಿ ಕೆಸರಿಗೆ ಇಳಿದರೆ ಗಾಡಿಯು ಆ ಕಡೆಗೆ ಎಳೆಯುತ್ತದೆ. ಎದುರಿಗೆ ಬಸ್ಸು ಬಂದಾಗ ಸಾಮಾನ್ಯ ಸ್ಕೂಟರಿನವರು ಅಂಚಿಗೆ ಸರಿಯುವಂತೆ ಇವರು ಸರಿಯಲಾರರು. ಇವರ ಗಾಡಿಗೆ ಅಗಲವೂ ಹೆಚ್ಚು. ಸುಗ್ಗಿಯಲ್ಲಿ ಹೆಸರು, ಕಡಲೆ, ಜೋಳಗಳನ್ನು ರಸ್ತೆಯ ಮೇಲೆಯೇ ಹರವಿ ಒಕ್ಕುವ ರೂಢಿಯಿಂದ ದಾರಿ ಅರ್ಧಕ್ಕೆ ಇಳಿಯುವುದಲ್ಲದೆ ಜಾರುವುದೂ ಆಗುತ್ತದೆ. ಮಲಪ್ರಭೆಯ ದಂಡೆಯ ಹೊಳೆಆಲೂರು, ಕೊಣ್ಣೂರುಗಳ ಕಡೆ ೨೦೦೯ ಮತ್ತು ೨೦೧೯ರಲ್ಲಿ ಬಂದಂಥ ಪ್ರವಾಹಗಳು ರಸ್ತೆಗಳನ್ನೇ ಕೆಡಿಸುತ್ತವೆ.

ನರಗುಂದದ ಪ್ರಶ್ನೆ ವೇಗದ ಅಂತರದ್ದು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯು ಆ ಊರಿನ ಮೂಲಕ ಸಾಗುತ್ತದೆ. ಗಂಟೆಗೆ ೨೦ ಕಿಲೋಮೀಟರಿನಲ್ಲಿ ಹೋಗುವ ಗಾಡಿಯ ಹಿಂದೆ ೮೦ ಕಿಲೋಮೀಟರಿನಲ್ಲಿ ಲಾರಿ ಬಂದರೆ ಅಂತರವು ಒಂದೊಂದು ಸೆಕೆಂಡಿಗೆ ಸುಮಾರು ೧೭ ಮೀಟರಿನಂತೆ ಕರಗುತ್ತದೆ. ಕುತ್ತಿಗೆ ತಿರುಗಿಸಲಾರದ ಚಾಲಕರಿಗೆ ಎರಡೂ ಬದಿಯ ಕನ್ನಡಿಗಳು ಇಲ್ಲಿ ಅಲಂಕಾರವಾಗಿರದೆ ಅಂಗಗಳೇ ಆಗಿವೆ. ಹೆದ್ದಾರಿಯನ್ನು ಅಡ್ಡ ದಾಟಲು ಎಷ್ಟು ಹೊತ್ತು ಬೇಕು, ಬರುವ ವಾಹನದ ವೇಗ ಎಷ್ಟು ಎಂಬ ಅಂದಾಜು ಇಲ್ಲಿ ಪರೀಕ್ಷಿಸಬೇಕಾದ ಮುಖ್ಯ ಗುಣ.

ಗಜೇಂದ್ರಗಡವು ಗುಡ್ಡದ ಬುಡದ ಊರು. ಮೇಲೆ ಕೋಟೆ, ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿ. ಏರಿನಲ್ಲಿ ನಿಂತ ಗಾಡಿಯು ಹಿಂದಕ್ಕೆ ಜಾರದಂತೆ ತಡೆಯಲು ಸಾಮಾನ್ಯರು ಕಾಲೂರುತ್ತಾರೆ. ಇವರಿಗೆ ಕೈಬ್ರೇಕೊಂದೇ ಆಸರೆ. ಇಳಿಜಾರಿನಲ್ಲಿ ಬಹಳ ಹೊತ್ತು ಬ್ರೇಕು ಹಿಡಿಯುವ ಮುಷ್ಟಿಯ ಬಲ ಬೇಕು. ಜಾತ್ರೆಯ ಜನಸಂದಣಿಯಲ್ಲಿ ನಡೆಯುವ ವೇಗಕ್ಕೆ ಗಾಡಿಯನ್ನು ತಗ್ಗಿಸಿ ನಡೆಸುವ ಹದವೂ ಬೇಕು.

ರಸ್ತೆಯುಬ್ಬುಗಳ ವಿಷಯವನ್ನೂ ಹೇಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬಿನ ಅಗಲವು ೩.೭ ಮೀಟರು, ಎತ್ತರವು ೧೦ ಸೆಂಟಿಮೀಟರು ಇರತಕ್ಕದ್ದು. ಊರವರೇ ಕಟ್ಟಿಕೊಂಡ ಕಡಿದಾದ ಉಬ್ಬಿಗೆ ಪಕ್ಕಗಾಲಿಗಳು ಒಂದಾದ ಮೇಲೊಂದು ತಗುಲಿದರೆ ಗಾಡಿ ಪಕ್ಕಕ್ಕೆ ಕುಲುಕುತ್ತದೆ. ಚಾಲಕರಲ್ಲಿ ದೋಷವಿಲ್ಲದೆಯೂ ಅಪಘಾತ ಸಂಭವಿಸಬಹುದೆಂಬುದಕ್ಕೆ ಇದೊಂದು ನಿದರ್ಶನ.

೭. ಪರೀಕ್ಷೆಯ ಕ್ರಮ

ಕೆನಡಾದ ವೃತ್ತಿಚಿಕಿತ್ಸಕರು ೧೯೯೪ರಲ್ಲಿ ಯಂತ್ರಶಕ್ತಿಯ ಗಾಲಿಕುರ್ಚಿಗಳ ಬಳಕೆದಾರರಿಗಾಗಿ ಒಂದು ಚಾಲನಾ ಪರೀಕ್ಷೆಯನ್ನು ಪ್ರಕಟಿಸಿದರು. ಬಾಗಿಲು ದಾಟುವುದು, ತಿರುಗುವುದು, ಜನರ ನಡುವೆ ಸಾಗುವುದು ಮುಂತಾದ ಒಂದೊಂದು ಕೆಲಸಕ್ಕೂ ನಾಲ್ಕು ದರ್ಜೆಗಳು: ಸ್ವತಂತ್ರವಾಗಿ ಮಾಡುವವರು, ತಡವರಿಸಿದರೂ ಮಾಡುವವರು, ಹಾನಿಯಾಗದಂತೆ ತಾಗಿಸುವವರು, ಹಾನಿ ಮಾಡುವಂತಿರುವವರು ಅಥವಾ ಮಾಡಲಾರದವರು. ಅವರವರು ನಿತ್ಯ ಸಂಚರಿಸುವ ಸ್ಥಳದಲ್ಲಿಯೇ ಪರೀಕ್ಷೆ ನಡೆಯುವುದು ಇದರ ವೈಶಿಷ್ಟ್ಯ. ಯಾವ ಕೆಲಸದಲ್ಲಿ ಕೊರತೆ ಇದೆಯೆಂದು ತಿಳಿಯುವುದರಿಂದ ಯಾವುದನ್ನು ಕಲಿಸಬೇಕೆಂಬುದೂ ತಿಳಿಯುತ್ತದೆ.

ಈ ತತ್ತ್ವವನ್ನು ನಮ್ಮ ತಾಲೂಕುಗಳಿಗೆ ಹೊಂದಿಸಿದರೆ ನಾಲ್ಕು ಹಂತಗಳು ದೊರೆಯುತ್ತವೆ. ಮೊದಲನೆಯದು, ಗಾಡಿಯ ಪರಿಶೀಲನೆ: ಬ್ರೇಕು, ಪಕ್ಕಗಾಲಿಯ ಜೋಡಣೆ, ಕನ್ನಡಿ, ಹಿಂದಿನ ದೀಪ, ಆಸನ. ಎರಡನೆಯದು, ಚಾಲಕರ ಪರಿಶೀಲನೆ: ದೃಷ್ಟಿ, ಎಡಬಲಗಳೆರಡರ ಗಮನ, ಮುಷ್ಟಿಯ ಬಲ, ನಿದ್ರೆ ತರುವ ಔಷಧಗಳ ಸೇವನೆ, ಗಾಡಿಯನ್ನು ಏರಿ ಇಳಿಯುವ ಕ್ರಮ. ಮೂರನೆಯದು, ಬಯಲಿನಲ್ಲಿ ಚಾಲನೆ: ನೇರ, ತಿರುವು, ಏರಿನಲ್ಲಿ ನಿಲುಗಡೆ, ತುರ್ತು ನಿಲುಗಡೆ. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿನ ವಿಳಂಬಕ್ಕೆ ೮ ಮೀಟರಿಗೂ ಮಿಕ್ಕು ದೂರ ಸರಿದುಹೋಗುತ್ತದೆಂಬುದನ್ನು ಇಲ್ಲಿ ಅವರಿಗೆ ಅನುಭವದಿಂದಲೇ ತೋರಿಸಬಹುದು. ನಾಲ್ಕನೆಯದು, ಅವರು ದಿನವೂ ಹೋಗುವ ದಾರಿಯಲ್ಲಿ ಜೊತೆಗಿದ್ದು ನೋಡುವುದು. ಮೊದಲ ಮೂರು ಹಂತಗಳಲ್ಲಿ ಕಾಣದುದು ಈ ನಾಲ್ಕನೆಯದರಲ್ಲಿ ಕಾಣುತ್ತದೆ.

ಇದನ್ನು ನಡೆಸುವವರು ಯಾರು? ಪರವಾನಗಿಯ ಅಧಿಕಾರವು ಗದಗಿನ ಪ್ರಾದೇಶಿಕ ಸಾರಿಗೆ ಕಚೇರಿಯದು. ಅದು ಅಲ್ಲಿಯೇ ಇರತಕ್ಕದ್ದು. ಆದರೆ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವುದು ನಮ್ಮ ರಾಜ್ಯದ ಅನುಕೂಲ. ಊರಿನ ದಾರಿಯನ್ನೂ ಚಾಲಕರ ಮನೆಯ ಸ್ಥಿತಿಯನ್ನೂ ಅವರು ಬಲ್ಲರು. ಅವರಿಗೆ ಅಲ್ಪಕಾಲದ ಶಿಕ್ಷಣವನ್ನು ಕೊಟ್ಟರೆ ನಾಲ್ಕನೆಯ ಹಂತವನ್ನೂ, ವರ್ಷಕ್ಕೊಮ್ಮೆ ಮರುಪರಿಶೀಲನೆಯನ್ನೂ ಅವರು ನಿರ್ವಹಿಸಬಲ್ಲರು. ಪರವಾನಗಿ ಬೇಡದ ಬ್ಯಾಟರಿಯ ಗಾಡಿಗಳ ವಿಷಯದಲ್ಲಂತೂ ಇದೊಂದೇ ಮಾರ್ಗ. ೨೦೧೬ರ ವಿಕಲಚೇತನರ ಹಕ್ಕುಗಳ ಕಾನೂನಿನ ೪೧ನೆಯ ಪ್ರಕರಣವು ವಾಹನಗಳ ಮಾರ್ಪಾಡಿಗೂ ವೈಯಕ್ತಿಕ ಸಂಚಾರದ ನೆರವಿಗೂ ಯೋಜನೆಗಳನ್ನು ರೂಪಿಸಬೇಕೆಂದು ಸರಕಾರಗಳಿಗೆ ವಿಧಿಸಿದೆ. ನಡೆಸಲು ಕಲಿಸುವುದೂ ಪರೀಕ್ಷಿಸುವುದೂ ಆ ನೆರವಿನ ಭಾಗವೆಂದು ಭಾವಿಸುವುದರಲ್ಲಿ ಅನೌಚಿತ್ಯವಿಲ್ಲ.

ಫಲಿತಾಂಶವು ಉತ್ತೀರ್ಣ, ಅನುತ್ತೀರ್ಣ ಎಂಬ ಎರಡೇ ಮಾತುಗಳಲ್ಲಿ ಮುಗಿಯಬಾರದು. ಹಗಲಿನಲ್ಲಿ ಮಾತ್ರ ನಡೆಸುವುದು, ಹೆದ್ದಾರಿಯನ್ನು ಬಿಟ್ಟು ಒಳದಾರಿಯನ್ನು ಹಿಡಿಯುವುದು, ಹಿಂದೆ ಯಾರನ್ನೂ ಕೂರಿಸದಿರುವುದು, ಪಕ್ಕಗಾಲಿಗಳನ್ನು ಸರಿಪಡಿಸಿ ಮತ್ತೆ ಬರುವುದು, ಒಂದು ತಿಂಗಳ ಅಭ್ಯಾಸದ ನಂತರ ಪುನಃ ಪರೀಕ್ಷೆಗೆ ಕೂರುವುದು ಎಂಬ ನಡುವಣ ಮಾರ್ಗಗಳು ಹಲವಿವೆ. ನಿರಾಕರಿಸಲೇಬೇಕಾದಾಗ ಕಾರಣವನ್ನು ತಿಳಿಸಿ, ಆ ವ್ಯಕ್ತಿಯು ಸಂತೆಗೂ ಆಸ್ಪತ್ರೆಗೂ ಇನ್ನು ಹೇಗೆ ಹೋಗಬೇಕೆಂಬುದನ್ನು ಅದೇ ದಿನ ಅವರೊಡನೆ ಕುಳಿತು ನಿಶ್ಚಯಿಸಬೇಕು.

ನಮ್ಮ ಕಾಲೇಜುಗಳಿಗೂ ಇಲ್ಲಿ ಒಂದು ಕೆಲಸವಿದೆ. ಊರಿನಿಂದ ಕಾಲೇಜಿಗೆ ಬರುವ ಒಂದೊಂದು ದಾರಿಯ ತಗ್ಗು, ಉಬ್ಬು, ಇಳಿಜಾರು, ಕಣ್ಣಿಗೆ ಮರೆಯಾದ ತಿರುವುಗಳನ್ನು ವಿದ್ಯಾರ್ಥಿಗಳು ಅಳೆದು ನಕ್ಷೆಯಲ್ಲಿ ಗುರುತಿಸಬಲ್ಲರು. ಅದಕ್ಕೆ ಒಂದು ಅಳತೆಪಟ್ಟಿ ಹಾಗೂ ಕೆಲವು ದಿನಗಳ ಶ್ರಮ ಸಾಕು. ಅಂಥ ನಕ್ಷೆಯು ಕೈಗೆ ಬಂದ ಮೇಲೆ, ಪಕ್ಕಗಾಲಿಯ ಸ್ಕೂಟರಿನಲ್ಲಿ ತರಗತಿಗೆ ಬರುವ ಸಹಪಾಠಿಯು ಯಾವ ದಾರಿಯಲ್ಲಿ, ಯಾವ ವೇಗದಲ್ಲಿ ಕ್ಷೇಮವಾಗಿ ಬರಬಲ್ಲನು ಎಂಬ ಪ್ರಶ್ನೆಗೆ ಊಹೆಯ ಬದಲು ಅ​ಳತೆಯಿಂದ ಉತ್ತರ ಹೇಳಲು ಸಾಧ್ಯವಾಗುವುದು.